ಹಳೆಯ ಡಾಸ್ ಕಂಪ್ಯೂಟರ್‌ನಲ್ಲಿ ಪಾರ್ಟಿಷನ್ ಕೈಕೊಟ್ಟರೆ: ಮೊದಲು ಓದಿ, ಆಮೇಲೆ ಬರೆಯಿರಿ

1.28 ಜಿಬಿ ಅಂತ ಲೇಬಲ್ ಇರುವ ಹಾರ್ಡ್ ಡಿಸ್ಕ್. ಹಳೆಯ 486 ಕಂಪ್ಯೂಟರ್‌ಗೆ ಹಾಕಿ, ಡಿಸ್ಕನ್ನು ಭಾಗ (ಪಾರ್ಟಿಷನ್) ಮಾಡುವ ಎಫ್‌ಡಿಸ್ಕ್ ಪ್ರೋಗ್ರಾಂ ತೆರೆದರೆ 504 ಎಂಬಿ ಅಂತ ತೋರಿಸುತ್ತದೆ. ಇನ್ನೊಂದು ಮೆಷಿನ್‌ನಲ್ಲಿ ಡಿಸ್ಕೇ ಇಲ್ಲ ಅನ್ನುತ್ತದೆ. ಮತ್ತೊಂದರಲ್ಲಿ ಪಾರ್ಟಿಷನ್ ಆಗುತ್ತದೆ, ಫಾರ್ಮ್ಯಾಟ್ ಕೂಡ ಆಗುತ್ತದೆ, ರೀಬೂಟ್ ಮಾಡಿದರೆ ಮಾತ್ರ ಕಪ್ಪು ಪರದೆಯ ಮೇಲೆ ಕರ್ಸರ್ ಮಿನುಗುತ್ತಾ ನಿಲ್ಲುತ್ತದೆ. ಮೂರು ಸಲವೂ ಎಫ್‌ಡಿಸ್ಕ್ ಮೇಲೇ ಸಿಟ್ಟು ಬರುತ್ತದೆ. ಆದರೆ ಬಹಳ ಸಲ ತಪ್ಪು ಅದರದ್ದಲ್ಲ.

ಇಲ್ಲಿ ಮೂವರು ಇದ್ದಾರೆ: ಡಿಸ್ಕ್, ಬಯಾಸ್ (ಮೆಷಿನ್ ಆನ್ ಆದ ಕೂಡಲೇ ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ), ಡಾಸ್ (ಹಳೆಯ ಆಪರೇಟಿಂಗ್ ಸಿಸ್ಟಂ). ಡಿಸ್ಕ್ ತನ್ನ ಅಳತೆಯನ್ನು ಬಯಾಸ್‌ಗೆ ಹೇಳುತ್ತದೆ. ಬಯಾಸ್ ಅದನ್ನು ತನಗೆ ಬೇಕಾದ ಹಾಗೆ ಬದಲಾಯಿಸಿ ಡಾಸ್‌ಗೆ ಹೇಳುತ್ತದೆ. ಡಾಸ್ ಆ ಮಾತನ್ನೇ ನಂಬಿ ಪಾರ್ಟಿಷನ್ ಬರೆಯುತ್ತದೆ. ಮೂವರ ಲೆಕ್ಕ ಒಂದಾಗದೆ ಇದ್ದರೆ ಎಫ್‌ಡಿಸ್ಕ್‌ನಲ್ಲಿ ಎಷ್ಟು ಸಲ ಅಳಿಸಿ ಬರೆದರೂ ಪ್ರಯೋಜನವಿಲ್ಲ. ಹಾಗಾಗಿ ನಾನು ಹಿಡಿಯುವ ಕ್ರಮ ಒಂದೇ. ಮೊದಲು ಮೂವರೂ ಏನು ಹೇಳುತ್ತಿದ್ದಾರೆ ಅಂತ ಓದಿಕೊಳ್ಳುವುದು. ಲೆಕ್ಕ ತಾಳೆಯಾದ ಮೇಲೆ ಡಿಸ್ಕ್ ಮೇಲೆ ಬರೆಯುವುದು.

ಈ ಪಾಠ ನನಗೆ ಸುಲಭಕ್ಕೆ ಸಿಗಲಿಲ್ಲ. ಅಪ್ಪ ವರ್ಡ್‌ಸ್ಟಾರ್‌ನಲ್ಲಿ ಟೈಪ್ ಮಾಡಿದ ಪತ್ರಗಳೆಲ್ಲ ಒಂದು ಡಿಸ್ಕ್‌ನಲ್ಲಿದ್ದವು. ಮದರ್‌ಬೋರ್ಡ್‌ನ ಬ್ಯಾಟರಿ ಸತ್ತು ಬಯಾಸ್ ಸೆಟ್ಟಿಂಗ್ ಅಳಿಸಿಹೋಗಿತ್ತು. ಹೊಸ ಬ್ಯಾಟರಿ ಹಾಕಿ ಡಿಸ್ಕನ್ನು ಮತ್ತೆ ಗುರುತು ಹಿಡಿಸಿದೆ. ಆದರೆ ಮೊದಲು ಎಲ್‌ಬಿಎ ಮೋಡ್‌ನಲ್ಲಿ (ಬಯಾಸ್ ಡಿಸ್ಕ್‌ನ ಅಳತೆ ಲೆಕ್ಕ ಹಾಕುವ ಒಂದು ರೀತಿ, ವಿವರ ಮುಂದಿದೆ) ಇದ್ದದ್ದು ಈಗ ನಾರ್ಮಲ್ ಮೋಡ್‌ಗೆ ಹೋಗಿದ್ದನ್ನು ಗಮನಿಸಲಿಲ್ಲ. ಡೈರೆಕ್ಟರಿ ತುಂಬ ಚಿತ್ರವಿಚಿತ್ರ ಅಕ್ಷರಗಳು ಕಂಡವು. ಡಿಸ್ಕ್ ಹಾಳಾಗಿದೆ ಅಂದುಕೊಂಡು ಪಾರ್ಟಿಷನ್ ಅಳಿಸಿ, ಹೊಸದು ಮಾಡಿ, ಫಾರ್ಮ್ಯಾಟ್ ಮಾಡಿಬಿಟ್ಟೆ. ಮೋಡ್ ಒಂದನ್ನು ಬದಲಾಯಿಸಿದ್ದರೆ ಎಲ್ಲವೂ ಇದ್ದ ಹಾಗೇ ಸಿಗುತ್ತಿತ್ತು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆಜ್ಞೆಗಳನ್ನೂ ಎರರ್ ಸಂದೇಶಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಮೆಷಿನ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ.

ಕೈ ಹಾಕುವ ಮುಂಚೆ

ಡಿಸ್ಕ್‌ನಲ್ಲಿ ಉಳಿಸಿಕೊಳ್ಳಬೇಕಾದದ್ದು ಏನಾದರೂ ಇದೆಯಾ? ಇದ್ದರೆ ಮೊದಲು ಅದರ ಇಮೇಜ್, ಅಂದರೆ ಪೂರ್ತಿ ಡಿಸ್ಕ್‌ನ ನಕಲು, ತೆಗೆಯಿರಿ. ಐಡಿಇ (ಆ ಕಾಲದ ಹಾರ್ಡ್ ಡಿಸ್ಕ್ ಜೋಡಿಸುವ ವಿಧಾನ) ಪೋರ್ಟ್ ಇರುವ ಯಾವುದಾದರೂ ಮೆಷಿನ್‌ಗೆ ಡಿಸ್ಕ್ ಹಚ್ಚಿ, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಓಡಿಸಿದರೆ ಕೆಟ್ಟ ಸೆಕ್ಟರ್‌ಗಳನ್ನು ದಾಟಿಕೊಂಡು ಉಳಿದದ್ದನ್ನು ಓದಿಕೊಡುತ್ತದೆ. ಯುಎಸ್‌ಬಿ ಅಡಾಪ್ಟರ್ ಸಾಕು ಅಂತ ಅನ್ನಿಸಬಹುದು. ಆದರೆ ಎಲ್‌ಬಿಎ, ಅಂದರೆ ಸೆಕ್ಟರ್‌ಗಳಿಗೆ ಒಂದೇ ಸಾಲಿನ ಸಂಖ್ಯೆ ಕೊಡುವ ಪದ್ಧತಿ, ಗೊತ್ತೇ ಇಲ್ಲದ ತೀರಾ ಹಳೆಯ ಡಿಸ್ಕ್‌ಗಳನ್ನು ಹೆಚ್ಚಿನ ಯುಎಸ್‌ಬಿ ಅಡಾಪ್ಟರ್‌ಗಳು ಗುರುತು ಹಿಡಿಯುವುದಿಲ್ಲ. ಅಡಾಪ್ಟರ್‌ನಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಡಿಸ್ಕ್ ಸತ್ತಿದೆ ಅಂತ ತೀರ್ಮಾನ ಮಾಡಬೇಡಿ.

ಡಿಸ್ಕ್ ಮೇಲಿನ ಲೇಬಲ್ ನೋಡಿ ಸಿಲಿಂಡರ್, ಹೆಡ್, ಸೆಕ್ಟರ್ (ಡಿಸ್ಕ್ ಮೇಲಿನ ಜಾಗವನ್ನು ಗುರುತಿಸುವ ಮೂರು ಅಳತೆಗಳು) ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮುಂದೆ ಎಲ್ಲ ಹಂತದಲ್ಲೂ ಇದನ್ನೇ ಮುಂದಿಟ್ಟುಕೊಂಡು ಹೋಲಿಸಬೇಕು.

ಒಂದು ಬೂಟ್ ಫ್ಲಾಪಿಯೂ ಬೇಕು. ಅದರಲ್ಲಿ ಎಫ್‌ಡಿಸ್ಕ್, ಫಾರ್ಮ್ಯಾಟ್, ಸಿಸ್ (ಡಾಸ್‌ನ ಸಿಸ್ಟಂ ಫೈಲುಗಳನ್ನು ಡಿಸ್ಕ್‌ಗೆ ಹಾಕುವ ಪ್ರೋಗ್ರಾಂ) ಇರಲಿ. ಮೂರೂ ಒಂದೇ ಆವೃತ್ತಿಯ ಡಾಸ್‌ನವಾಗಿರಬೇಕು. ಒಂದು ಆವೃತ್ತಿಯಲ್ಲಿ ಬೂಟ್ ಮಾಡಿ ಇನ್ನೊಂದರ ಫಾರ್ಮ್ಯಾಟ್ ಓಡಿಸಿದರೆ "ಇನ್‌ಕರೆಕ್ಟ್ ಡಾಸ್ ವರ್ಷನ್" ಅಂತ ಹೇಳಿ ನಿಲ್ಲುತ್ತದೆ. 3.5 ಇಂಚಿನ ಫ್ಲಾಪಿಯಾದರೆ ಅದರ ಮೇಲೆ ಏನೂ ಬರೆಯಲಾಗದ ಹಾಗೆ ರೈಟ್ ಪ್ರೊಟೆಕ್ಟ್ ಕಿಂಡಿಯನ್ನು ತೆರೆದಿಡಿ. ಆ ಕಾಲದ ಬೂಟ್ ಸೆಕ್ಟರ್ ವೈರಸ್‌ಗಳು ಹಳೆಯ ಡಿಸ್ಕ್‌ಗಳಲ್ಲಿ ಈಗಲೂ ಜೀವಂತ ಇರುತ್ತವೆ.

ಡಾಸ್ ಆವೃತ್ತಿ ಬೇರೆ ಕಾರಣಕ್ಕೂ ಮುಖ್ಯ. 1987ರ ಡಾಸ್ 3.3ರಲ್ಲಿ ಒಂದು ಪಾರ್ಟಿಷನ್ 32 ಎಂಬಿ ದಾಟುವಂತಿಲ್ಲ. ಡಾಸ್ 4 ಆ ಗೋಡೆಯನ್ನು ಒಡೆಯಿತು, ಆದರೆ ದೊಡ್ಡ ಪಾರ್ಟಿಷನ್‌ಗೆ ಶೇರ್ ಪ್ರೋಗ್ರಾಂ ಲೋಡ್ ಆಗಿರಲಿ ಅಂತ ಎಚ್ಚರಿಕೆ ಕೊಡುತ್ತಿತ್ತು. ಡಾಸ್ 5ರಿಂದ ಆ ಕಿರಿಕಿರಿ ಇಲ್ಲ. ಮೆಷಿನ್‌ನ ಕಾಲಕ್ಕೇ ತಕ್ಕ ಡಾಸ್ ಬೇಕು ಅನ್ನುವ ಹಟ ನಿಮಗಿಲ್ಲದಿದ್ದರೆ 1994ರ 6.22 ಹಾಕಿ, ಅರ್ಧ ತಲೆನೋವು ಅಲ್ಲೇ ಕಡಿಮೆಯಾಗುತ್ತದೆ.

ಡಿಸ್ಕ್ ಮಾತಾಡುತ್ತಿದೆಯಾ?

ಎಫ್‌ಡಿಸ್ಕ್ "ನೋ ಫಿಕ್ಸ್ಡ್ ಡಿಸ್ಕ್ಸ್ ಪ್ರೆಸೆಂಟ್" ಅಂದರೆ ಅದರೊಳಗೆ ಏನೂ ಮಾಡುವುದಕ್ಕಿಲ್ಲ. ಬಯಾಸ್‌ಗೇ ಡಿಸ್ಕ್ ಕಂಡಿಲ್ಲ ಅಂತ ಅರ್ಥ. ಮೆಷಿನ್ ಆಫ್ ಮಾಡಿ ಕೇಬಲ್ ನೋಡಿ.

ರಿಬ್ಬನ್ ಕೇಬಲ್‌ನ ಬಣ್ಣದ ಅಂಚು ಎರಡೂ ಕಡೆ ಪಿನ್ 1ರ ಕಡೆಗಿರಬೇಕು. ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಅದು ಪವರ್ ಕನೆಕ್ಟರ್ ಪಕ್ಕಕ್ಕೆ ಬರುತ್ತದೆ. ಕಂಟ್ರೋಲರ್ ಕಾರ್ಡ್‌ನಲ್ಲಿ ಮಾತ್ರ ಸುಮ್ನೆ ಅಂದಾಜು ಮಾಡಬೇಡಿ, ಕಾರ್ಡ್ ಮೇಲೆ ಅಚ್ಚಾದ ಅಂಕಿ ನೋಡಿ. ಹಳೆಯ ಕೇಬಲ್‌ಗಳನ್ನು ತಿರುಗಿಸಿ ಸಿಕ್ಕಿಸುವುದನ್ನು ತಡೆಯುವ ಮೂಗು ಎಲ್ಲದರಲ್ಲೂ ಇರುವುದಿಲ್ಲ.

ಆಮೇಲೆ ಜಂಪರ್, ಅಂದರೆ ಪಿನ್‌ಗಳನ್ನು ಜೋಡಿಸುವ ಪುಟ್ಟ ಮುಚ್ಚಳ. ಒಂದೇ ಕೇಬಲ್‌ನ ಎರಡು ಡಿಸ್ಕ್‌ಗಳಲ್ಲಿ ಮಾಸ್ಟರ್ (ಮೊದಲನೆಯದು) ಯಾವುದು, ಸ್ಲೇವ್ (ಎರಡನೆಯದು) ಯಾವುದು ಅಂತ ಇದು ಹೇಳುತ್ತದೆ. ಒಂದೇ ಡಿಸ್ಕ್ ಇದ್ದರೆ ಮಾಸ್ಟರ್. ಆದರೆ ಕೆಲವು ವೆಸ್ಟರ್ನ್ ಡಿಜಿಟಲ್ ಡಿಸ್ಕ್‌ಗಳಲ್ಲಿ ಒಂಟಿ ಡಿಸ್ಕ್‌ಗೆ ಒಂದು ಜಾಗ, ಸ್ಲೇವ್ ಜೊತೆಗಿರುವ ಮಾಸ್ಟರ್‌ಗೆ ಬೇರೆ ಜಾಗ. ಇದನ್ನು ತಪ್ಪಾಗಿ ಹಾಕಿದರೆ, ಅಲ್ಲಿ ಇಲ್ಲವೇ ಇಲ್ಲದ ಸ್ಲೇವ್‌ಗಾಗಿ ಡಿಸ್ಕ್ ಕಾಯುತ್ತಾ ಕೂರುತ್ತದೆ. 1990ರ ದಶಕದ ಶುರುವಿನ ಎರಡು ಬೇರೆ ಕಂಪನಿಗಳ ಡಿಸ್ಕ್‌ಗಳು ಒಂದೇ ಕೇಬಲ್‌ನಲ್ಲಿ ಹೊಂದಿಕೊಳ್ಳದೇ ಇರುವುದೂ ಇದೆ. ಅನುಮಾನ ಬಂದರೆ ಒಂದನ್ನು ತೆಗೆದು, ಇನ್ನೊಂದನ್ನು ಒಂಟಿಯಾಗಿ ಪರೀಕ್ಷಿಸಿ.

ಪವರ್ ಕೊಟ್ಟಾಗ ಡಿಸ್ಕ್ ತಿರುಗುವ ಸದ್ದು ಕೇಳಿ. ಸದ್ದು ಏರಿ ಒಂದು ಮಟ್ಟಕ್ಕೆ ನಿಂತರೆ ಒಳ್ಳೆಯದು. ಟಕ್ ಟಕ್ ಅಂತ ಪದೇ ಪದೇ ಬಡಿಯುತ್ತಿದ್ದರೆ ಪಾರ್ಟಿಷನ್ ವಿಚಾರ ಬಿಟ್ಟು, ಸಿಕ್ಕಷ್ಟು ಡೇಟಾ ಉಳಿಸಿಕೊಳ್ಳುವುದನ್ನು ನೋಡಿ.

ಬಯಾಸ್ ಲೆಕ್ಕ

ನಿಜವಾದ ತೊಡಕು ಇಲ್ಲೇ ಇರುವುದು. ಸ್ವಲ್ಪ ಸಮಾಧಾನವಾಗಿ ಓದಿ.

ಮೊದಲು ಬ್ಯಾಟರಿ. ಮೆಷಿನ್ ಆನ್ ಮಾಡಿದಾಗಲೆಲ್ಲ "ಸಿಮಾಸ್ ಚೆಕ್‌ಸಮ್" ಎರರ್ ಬರುತ್ತಿದ್ದರೆ, ತಾರೀಖು 1980ಕ್ಕೆ ಹೋಗುತ್ತಿದ್ದರೆ, ಬ್ಯಾಟರಿ ಮುಗಿದಿದೆ. ನೀವು ಹಾಕಿದ ಡಿಸ್ಕ್ ಸೆಟ್ಟಿಂಗ್ ಆಫ್ ಮಾಡಿದ ಕೂಡಲೇ ಅಳಿಸಿಹೋಗುತ್ತದೆ. ಬೋರ್ಡ್ ಮೇಲೆ ಪೀಪಾಯಿ ಆಕಾರದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇದ್ದರೆ ಅದನ್ನು ಇವತ್ತೇ ತೆಗೆಯಿರಿ. ಅದು ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ.

ಆಮೇಲೆ ಡಿಸ್ಕ್ ಟೈಪ್. ಹಳೆಯ ಬಯಾಸ್‌ಗಳಲ್ಲಿ ಮೊದಲೇ ತುಂಬಿದ ಪಟ್ಟಿಯೊಂದು ಇರುತ್ತದೆ. 46ರವರೆಗಿನ ಟೈಪ್‌ಗಳಿಗೆ ಅಳತೆ ಗಟ್ಟಿಯಾಗಿ ಬರೆದಿರುತ್ತದೆ, 47ನೆಯದರಲ್ಲಿ ನಾವೇ ಅಂಕಿ ತುಂಬಬಹುದು. ಎಎಂಐ ಬಯಾಸ್ ಇರುವ ಮೆಷಿನ್‌ಗಳಲ್ಲಿ ಇದೇ ರೂಢಿ. ನಿಮ್ಮ ಕಾಗದದ ಮೇಲಿನ ಮೂರು ಸಂಖ್ಯೆಗಳನ್ನು ಅಲ್ಲಿ ಹಾಕಿ. ಆಟೋ ಡಿಟೆಕ್ಟ್ ಇದ್ದರೆ ಅದನ್ನೇ ಓಡಿಸಿ, ಆದರೆ ಬಂದ ಸಂಖ್ಯೆಯನ್ನು ಲೇಬಲ್ ಜೊತೆ ಹೋಲಿಸಿ ನೋಡಿ.

ಈಗ 504ರ ಕಥೆ. ಬಯಾಸ್‌ನ ಹಳೆಯ ಪದ್ಧತಿಯಲ್ಲಿ ಸಿಲಿಂಡರ್‌ಗೆ 10 ಬಿಟ್, ಅಂದರೆ 1024ರವರೆಗೆ. ಹೆಡ್‌ಗೆ 8 ಬಿಟ್, ಸೆಕ್ಟರ್ 63ರವರೆಗೆ. ಐಡಿಇ ಡಿಸ್ಕ್‌ನ ಪದ್ಧತಿಯೇ ಬೇರೆ. ಅಲ್ಲಿ ಸಿಲಿಂಡರ್ 65,536ರವರೆಗೆ ಇರಬಹುದು, ಆದರೆ ಹೆಡ್ 16 ಮಾತ್ರ. ಇಬ್ಬರೂ ನೇರವಾಗಿ ಮಾತಾಡಿದರೆ ಪ್ರತಿಯೊಂದರಲ್ಲೂ ಚಿಕ್ಕ ಸಂಖ್ಯೆಯೇ ಗೆಲ್ಲುತ್ತದೆ. 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಸೆಕ್ಟರ್‌ಗೆ 512 ಬೈಟ್. ಗುಣಿಸಿದರೆ 52,84,82,304 ಬೈಟ್. ಡಿಸ್ಕ್ ತಯಾರಕರ ಲೆಕ್ಕದಲ್ಲಿ 528 ಎಂಬಿ. ಎಫ್‌ಡಿಸ್ಕ್ ಒಂದು ಎಂಬಿಗೆ 10,48,576 ಬೈಟ್ ಹಿಡಿಯುವುದರಿಂದ ಅದರ ಲೆಕ್ಕದಲ್ಲಿ 504. ಡಿಸ್ಕ್ ಎಷ್ಟೇ ದೊಡ್ಡದಿರಲಿ, 504ಕ್ಕೆ ನಿಂತರೆ ಕಾರಣ ಇದೇ.

ಇದನ್ನು ದಾಟುವುದಕ್ಕೆ ಬಯಾಸ್‌ಗಳು ಒಂದು ಉಪಾಯ ಹುಡುಕಿದವು. ನಮ್ಮ 1.28 ಜಿಬಿ ಡಿಸ್ಕ್ ತನಗೆ 2484 ಸಿಲಿಂಡರ್, 16 ಹೆಡ್ ಅನ್ನುತ್ತದೆ. ಬಯಾಸ್ ಸಿಲಿಂಡರನ್ನು 4ರಿಂದ ಭಾಗಿಸಿ, ಹೆಡ್ಡನ್ನು 4ರಿಂದ ಗುಣಿಸಿ, ಡಾಸ್‌ಗೆ 621 ಸಿಲಿಂಡರ್, 64 ಹೆಡ್ ಅಂತ ಹೇಳುತ್ತದೆ. ಒಟ್ಟು ಸೆಕ್ಟರ್ ಅಷ್ಟೇ, ಸಿಲಿಂಡರ್ ಮಾತ್ರ 1024ರ ಒಳಗೆ ಬಂತು. ಸೆಟಪ್‌ನಲ್ಲಿ ಕಾಣುವ ಎಲ್‌ಬಿಎ, ಲಾರ್ಜ್ ಅನ್ನುವ ಆಯ್ಕೆಗಳು ಮಾಡುವುದು ಇದನ್ನೇ. ಲೆಕ್ಕ ಹಾಕುವ ರೀತಿ ಬೇರೆ ಬೇರೆ. ನಾರ್ಮಲ್ ಅಂದರೆ ಬದಲಾವಣೆ ಇಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಯಾವ ಮೋಡ್‌ನಲ್ಲಿ ಪಾರ್ಟಿಷನ್ ಮಾಡಿದ್ದೀರೋ ಅದೇ ಮೋಡ್‌ನಲ್ಲೇ ಡಿಸ್ಕನ್ನು ಓದಬೇಕು. ನಾರ್ಮಲ್‌ನಲ್ಲಿ ಮಾಡಿದ್ದನ್ನು ಎಲ್‌ಬಿಎಗೆ ಬದಲಿಸಿದರೆ, ಅಥವಾ ಡಿಸ್ಕನ್ನು ಬೇರೆ ಲೆಕ್ಕ ಹಾಕುವ ಮೆಷಿನ್‌ಗೆ ಒಯ್ದರೆ, ಡಾಸ್ ಹೋಗುವ ಜಾಗವೇ ತಪ್ಪುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ, ವಿಳಾಸ ಮಾತ್ರ ತಪ್ಪಿರುತ್ತದೆ. ಬೇರೆ ಮೆಷಿನ್‌ನಿಂದ ಬಂದ ಡಿಸ್ಕ್ ಕಸ ತೋರಿಸುತ್ತಿದ್ದರೆ ಮೂರೂ ಮೋಡ್‌ಗಳಲ್ಲಿ ಒಂದೊಂದು ಸಲ ಬೂಟ್ ಮಾಡಿ, ಫ್ಲಾಪಿಯಿಂದ ಡೈರ್ ಸಿ: (ಫೈಲುಗಳ ಪಟ್ಟಿ ತೋರಿಸುವ ಆಜ್ಞೆ) ಕೊಟ್ಟು ನೋಡಿ. ಓದುವುದು ಮಾತ್ರ, ಡಿಸ್ಕ್‌ನ ತಪ್ಪು ಹುಡುಕಿ ಸರಿಮಾಡುವ ಸ್ಕ್ಯಾನ್‌ಡಿಸ್ಕ್ ಓಡಿಸುವಂತಿಲ್ಲ. ತಪ್ಪು ಮೋಡ್‌ನಲ್ಲಿ ಸ್ಕ್ಯಾನ್‌ಡಿಸ್ಕ್ "ರಿಪೇರಿ" ಮಾಡಿದರೆ ಚೆನ್ನಾಗಿದ್ದ ಡೇಟಾವೂ ಹಾಳಾಗುತ್ತದೆ.

504 ಒಂದೇ ಗೋಡೆ ಅಲ್ಲ. ಕೆಲವು ಬಯಾಸ್‌ಗಳು 4096 ಸಿಲಿಂಡರ್ ದಾಟಿದರೆ, ಅಂದರೆ ಸುಮಾರು 2.1 ಜಿಬಿ ಆದ ಮೇಲೆ, ಎಡವುತ್ತವೆ. ಕೆಲವು ಅಲ್ಲೇ ನಿಂತುಬಿಡುತ್ತವೆ, ಕೆಲವು ತೀರಾ ಚಿಕ್ಕ ಅಳತೆ ತೋರಿಸುತ್ತವೆ. ಬಯಾಸ್ 256 ಹೆಡ್ ಅಂತ ಹೇಳಿದರೆ ಡಾಸ್ ತಾನೇ ಕುಸಿಯುತ್ತದೆ, ಯಾಕೆಂದರೆ 8 ಬಿಟ್‌ನಲ್ಲಿ 256 ಅನ್ನುವುದು ಸೊನ್ನೆಯಾಗಿಬಿಡುತ್ತದೆ. 4.2 ಜಿಬಿ ದಾಟಿದ ಡಿಸ್ಕ್‌ಗಳಲ್ಲಿ ಇದು ಕಾಣುತ್ತದೆ. ಡಾಸ್ 6.22ಕ್ಕೆ 8.4 ಜಿಬಿ ಕೊನೆಯ ಗಡಿ. 33.8 ಜಿಬಿ ದಾಟಿದ ಡಿಸ್ಕ್ ಹಾಕಿದರೆ 1990ರ ದಶಕದ ಕೆಲವು ಅವಾರ್ಡ್ ಬಯಾಸ್‌ಗಳು ಡಿಟೆಕ್ಟ್ ಮಾಡುವಾಗಲೇ ಹ್ಯಾಂಗ್ ಆಗುತ್ತವೆ. ಅಂಥ ಡಿಸ್ಕ್‌ಗಳಲ್ಲಿ ಅಳತೆ ಕಡಿಮೆ ತೋರಿಸುವ ಜಂಪರ್ ಇದೆಯಾ ಅಂತ ಲೇಬಲ್‌ನಲ್ಲಿ ಹುಡುಕಿ.

ಬಯಾಸ್‌ನಲ್ಲಿ ಎಲ್‌ಬಿಎ ಇಲ್ಲವೇ ಇಲ್ಲ ಅಂದರೆ ದಾರಿ ಮೂರು. ಒಂದು, 504 ಎಂಬಿಗೆ ಒಪ್ಪಿಕೊಳ್ಳುವುದು. ಡಾಸ್ ಪ್ರೋಗ್ರಾಂಗಳಿಗೆ ಅದು ಸಣ್ಣ ಜಾಗವೇನಲ್ಲ. ಎರಡು, ಎಕ್ಸ್‌ಟಿ-ಐಡಿಇ ಯೂನಿವರ್ಸಲ್ ಬಯಾಸ್. ಇದು ಉಚಿತವಾಗಿ ಸಿಗುವ, ಮೂಲ ಕೋಡ್ ಸಮೇತ ತೆರೆದಿಟ್ಟ ಬಯಾಸ್. ಒಂದು ರಾಮ್ ಚಿಪ್‌ಗೆ (ಪವರ್ ಹೋದರೂ ಅಳಿಯದ ಆರ್‌ಒಎಂ, ರ್‍ಯಾಮ್ ಅಲ್ಲ) ಬರೆದು, ಹಳೆಯ ನೆಟ್‌ವರ್ಕ್ ಕಾರ್ಡ್‌ನ ಬೂಟ್ ರಾಮ್ ಸಾಕೆಟ್‌ನಲ್ಲಿ ಕೂರಿಸಿದರೆ ಮೆಷಿನ್‌ಗೆ ದೊಡ್ಡ ಡಿಸ್ಕ್ ಗೊತ್ತಾಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಮೂರು, ಡಿಸ್ಕ್ ಮ್ಯಾನೇಜರ್, ಇಝಡ್-ಡ್ರೈವ್ ಥರದ ಓವರ್‌ಲೇ ಸಾಫ್ಟ್‌ವೇರ್. ಇದು ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲೇ ಕೂತು, ಬೂಟ್ ಆಗುವಾಗ ಲೆಕ್ಕವನ್ನು ಬದಲಾಯಿಸುತ್ತದೆ. ಕೆಲಸ ಮಾಡುತ್ತದೆ ನಿಜ. ಆದರೆ ಓವರ್‌ಲೇ ಲೋಡ್ ಆಗದೆ ನೇರ ಫ್ಲಾಪಿಯಿಂದ ಬೂಟ್ ಮಾಡಿದರೆ ಡಿಸ್ಕ್ ಗುರುತೇ ಸಿಗುವುದಿಲ್ಲ. ವರ್ಷಗಳಾದ ಮೇಲೆ ಬೇರೆ ಯಾರಾದರೂ ಮೆಷಿನ್ ಮುಟ್ಟಿದರೆ ಅವರಿಗೆ ಇದು ಹೇಗೆ ಗೊತ್ತಾಗಬೇಕು ಹೇಳಿ?

ಈಗ ಎಫ್‌ಡಿಸ್ಕ್

ಮೊದಲ ಸಲ ತೆರೆದಾಗ ಬರೀ ನೋಡಿ. 4ನೆಯ ಆಯ್ಕೆ ಈಗಿರುವ ಪಾರ್ಟಿಷನ್‌ಗಳನ್ನು ತೋರಿಸುತ್ತದೆ. ಡಾಸ್ 6ರಲ್ಲಿ ಎಫ್‌ಡಿಸ್ಕ್ /ಸ್ಟೇಟಸ್ ಅಂತ ಕೊಟ್ಟರೆ ಮೆನುವಿಗೆ ಹೋಗದೆಯೇ ಅದೇ ವಿವರ ಬರುತ್ತದೆ. ಒಟ್ಟು ಅಳತೆ ಸರಿ ಇದೆಯಾ? ಇಲ್ಲದಿದ್ದರೆ ಹೊರಗೆ ಬಂದು ಮತ್ತೆ ಬಯಾಸ್‌ಗೆ ಹೋಗಿ. ಸರಿ ಇದ್ದರೆ ಮಾತ್ರ ಮುಂದೆ.

ಎರಡು ಡಿಸ್ಕ್ ಇದ್ದರೆ ಮೆನುವಿನಲ್ಲಿ 5ನೆಯ ಆಯ್ಕೆಯೂ ಕಾಣುತ್ತದೆ. ಯಾವ ಡಿಸ್ಕ್‌ನಲ್ಲಿದ್ದೀರಿ ಅಂತ ಮೇಲುಗಡೆ ಒಂದು ಸಾಲು ಇರುತ್ತದೆ. ಪ್ರತಿ ಸಲ ಆ ಸಾಲನ್ನು ಓದಿ. ಇನ್ನೂ ಒಳ್ಳೆಯದೆಂದರೆ, ಮುಟ್ಟಬಾರದ ಡಿಸ್ಕ್‌ನ ಕೇಬಲ್ಲನ್ನೇ ಕಿತ್ತಿಡುವುದು.

ಹಳೆಯದನ್ನು ಅಳಿಸುವಾಗ ಕ್ರಮ ಮುಖ್ಯ. ಪ್ರೈಮರಿ ಅಂದರೆ ಬೂಟ್ ಆಗುವ ಮುಖ್ಯ ಪಾರ್ಟಿಷನ್, ಎಕ್ಸ್‌ಟೆಂಡೆಡ್ ಅಂದರೆ ಉಳಿದ ಜಾಗದ ಪಾರ್ಟಿಷನ್, ಅದರೊಳಗಿನ ತುಂಡುಗಳೇ ಲಾಜಿಕಲ್ ಡ್ರೈವ್. ಮೊದಲು ಲಾಜಿಕಲ್ ಡ್ರೈವ್‌ಗಳು, ಆಮೇಲೆ ಎಕ್ಸ್‌ಟೆಂಡೆಡ್ ಪಾರ್ಟಿಷನ್, ಕೊನೆಗೆ ಪ್ರೈಮರಿ. ಅಳಿಸುವ ಮುಂಚೆ ವಾಲ್ಯೂಮ್ ಲೇಬಲ್ ಕೇಳುತ್ತದೆ. ಲೇಬಲ್ ಇಲ್ಲದಿದ್ದರೆ ಬರೀ ಎಂಟರ್ ಒತ್ತಿ. ಇದ್ದರೆ ಇದ್ದ ಹಾಗೇ ಟೈಪ್ ಮಾಡಿ.

ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಎಕ್ಸ್‌ಟೆಂಡೆಡ್ ಅಳಿಸಲು ಹೋದರೆ ಒಳಗೆ ಲಾಜಿಕಲ್ ಡ್ರೈವ್ ಇದೆ, ಆಗುವುದಿಲ್ಲ ಅನ್ನುತ್ತದೆ. ಲಾಜಿಕಲ್ ಅಳಿಸಲು ಹೋದರೆ ಅಂಥದ್ದು ಯಾವುದೂ ಇಲ್ಲ ಅನ್ನುತ್ತದೆ. ಎರಡೂ ಮಾತು ಅದರ ಮಟ್ಟಿಗೆ ಸರಿಯೇ. ಒಳಗಿರುವುದು ಲಿನಕ್ಸ್‌ನದ್ದೋ ಬೇರೆ ಸಿಸ್ಟಂನದ್ದೋ ಆಗಿರುತ್ತದೆ. ಡಾಸ್‌ನ ಎಫ್‌ಡಿಸ್ಕ್‌ಗೆ ಅದು ಕಾಣುವುದಿಲ್ಲ, ಆದರೆ ಜಾಗ ಖಾಲಿ ಇಲ್ಲ ಅಂತ ಮಾತ್ರ ಗೊತ್ತು. ಲಿನಕ್ಸ್‌ನ ಎಫ್‌ಡಿಸ್ಕ್‌ನಿಂದ ಅಳಿಸಿ ಬನ್ನಿ. ಅಳಿಸುವುದನ್ನು ಅಲ್ಲಿ ಮಾಡಿದರೂ ಹೊಸದನ್ನು ಮಾಡುವುದು ಮಾತ್ರ ಡಾಸ್‌ನಲ್ಲೇ.

ಹೊಸ ಪಾರ್ಟಿಷನ್ ಮಾಡುವ ಹಂತಗಳು ಇಷ್ಟೇ:

1. ಮೆನುವಿನಲ್ಲಿ 1, ಮತ್ತೆ 1. ಪ್ರೈಮರಿ ಡಾಸ್ ಪಾರ್ಟಿಷನ್.
2. ಇರುವ ಜಾಗವನ್ನೆಲ್ಲ ಬಳಸಿ, ಆಕ್ಟಿವ್ (ಬೂಟ್ ಆಗಬೇಕಾದದ್ದು ಅನ್ನುವ ಗುರುತು) ಕೂಡ ಮಾಡಲೇ ಅಂತ ಕೇಳುತ್ತದೆ. ಒಂದೇ ಪಾರ್ಟಿಷನ್ ಸಾಕಾದರೆ ವೈ ಒತ್ತಿ.
3. ಭಾಗ ಮಾಡಬೇಕಾದರೆ ಎನ್ ಒತ್ತಿ, ಅಳತೆ ಕೊಡಿ. ಉಳಿದ ಜಾಗಕ್ಕೆ ಎಕ್ಸ್‌ಟೆಂಡೆಡ್, ಅದರೊಳಗೆ ಲಾಜಿಕಲ್ ಡ್ರೈವ್.
4. ಎನ್ ಒತ್ತಿದ್ದರೆ ಮುಖ್ಯ ಮೆನುವಿಗೆ ಬಂದು 2ನೆಯ ಆಯ್ಕೆಯಿಂದ ಪ್ರೈಮರಿಯನ್ನು ಆಕ್ಟಿವ್ ಮಾಡಿ. ಇದನ್ನು ಮರೆಯುವವರೇ ಜಾಸ್ತಿ.
5. ಹೊರಗೆ ಬಂದು ರೀಬೂಟ್. ರೀಬೂಟ್ ಮಾಡದೆ ಫಾರ್ಮ್ಯಾಟ್‌ಗೆ ಹೋಗಬೇಡಿ. ಡಾಸ್ ಪಾರ್ಟಿಷನ್ ಪಟ್ಟಿಯನ್ನು ಓದುವುದು ಬೂಟ್ ಆಗುವಾಗ ಮಾತ್ರ.
6. ಫ್ಲಾಪಿಯಿಂದ ಫಾರ್ಮ್ಯಾಟ್ ಸಿ: /ಎಸ್.

ಅಳತೆ ಎಷ್ಟು ಕೊಡಬೇಕು? ಫ್ಯಾಟ್16ರಲ್ಲಿ (ಡಾಸ್ ಫೈಲುಗಳ ಜಾಗದ ಲೆಕ್ಕ ಇಡುವ ಪದ್ಧತಿ) ಒಂದು ಪಾರ್ಟಿಷನ್ 2 ಜಿಬಿವರೆಗೆ ಹೋಗಬಹುದು. ಆದರೆ ಪಾರ್ಟಿಷನ್ ದೊಡ್ಡದಾದಷ್ಟೂ ಕ್ಲಸ್ಟರ್, ಅಂದರೆ ಒಂದು ಫೈಲಿಗೆ ಕೊಡುವ ಕನಿಷ್ಠ ಜಾಗ, ದೊಡ್ಡದಾಗುತ್ತದೆ. 256ರಿಂದ 512 ಎಂಬಿವರೆಗೆ 8 ಕೆಬಿ, 1 ಜಿಬಿವರೆಗೆ 16 ಕೆಬಿ, 2 ಜಿಬಿವರೆಗೆ 32 ಕೆಬಿ. ಅಂದರೆ 2 ಜಿಬಿ ಪಾರ್ಟಿಷನ್‌ನಲ್ಲಿ ಒಂದು ಸಾಲಿನ ಬ್ಯಾಚ್ ಫೈಲ್ ಕೂಡ 32 ಕೆಬಿ ಜಾಗ ಹಿಡಿಯುತ್ತದೆ. ಡಾಸ್‌ನಲ್ಲಿ ಸಣ್ಣ ಫೈಲುಗಳೇ ಜಾಸ್ತಿ ಅಲ್ವಾ? ಹಾಗಾಗಿ ನಾನು ಸಾಮಾನ್ಯವಾಗಿ 500 ಎಂಬಿಯ ತುಂಡುಗಳಾಗಿ ಮಾಡುತ್ತೇನೆ.

ಬೂಟ್ ಆಗದಿದ್ದರೆ ಸಂದೇಶ ಓದಿ

ಹಳೆಯ ಮೆಷಿನ್‌ಗಳು ಹೇಳುವುದು ಒಂದೇ ಸಾಲು. ಆದರೆ ಆ ಸಾಲು ಎಲ್ಲಿ ನಿಂತಿದ್ದೇವೆ ಅಂತ ಸರಿಯಾಗಿ ಹೇಳುತ್ತದೆ. ಬೂಟ್ ಆಗುವ ಕ್ರಮ ಗೊತ್ತಿದ್ದರೆ ಸಾಕು. ಬಯಾಸ್ ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್ ಓದುತ್ತದೆ. ಅದೇ ಎಂಬಿಆರ್. ಅದರ 512 ಬೈಟ್‌ಗಳಲ್ಲಿ ಒಂದು ಪುಟ್ಟ ಪ್ರೋಗ್ರಾಂ, ತಲಾ 16 ಬೈಟ್‌ನ ನಾಲ್ಕು ಪಾರ್ಟಿಷನ್ ನಮೂದುಗಳು, ಕೊನೆಯಲ್ಲಿ ಎರಡು ಬೈಟ್‌ನ ಗುರುತು ಇರುತ್ತವೆ. ಆ ಪ್ರೋಗ್ರಾಂ ಆಕ್ಟಿವ್ ಪಾರ್ಟಿಷನ್ ಹುಡುಕಿ ಅದರ ಬೂಟ್ ಸೆಕ್ಟರ್ ಓದುತ್ತದೆ. ಬೂಟ್ ಸೆಕ್ಟರ್ ಐಒ.ಸಿಸ್ ಫೈಲನ್ನು ಎಬ್ಬಿಸುತ್ತದೆ. ಕೊನೆಗೆ ಕಮಾಂಡ್.ಕಾಮ್.

"ನೋ ರಾಮ್ ಬೇಸಿಕ್, ಸಿಸ್ಟಂ ಹಾಲ್ಟೆಡ್" ಅಂತ ಬಂದರೆ ಎಷ್ಟೋ ಸಲ ಯಾವ ಪಾರ್ಟಿಷನ್ನೂ ಆಕ್ಟಿವ್ ಆಗಿರುವುದಿಲ್ಲ. ಮೊದಲ ಐಬಿಎಂ ಪಿಸಿಗಳು ಬೂಟ್ ಮಾಡಲು ಏನೂ ಸಿಗದಿದ್ದರೆ ರಾಮ್‌ನಲ್ಲಿದ್ದ ಬೇಸಿಕ್ ಭಾಷೆಗೆ ಹೋಗುತ್ತಿದ್ದವು. ನಕಲು ಮೆಷಿನ್‌ಗಳಲ್ಲಿ ಆ ಬೇಸಿಕ್ ಇರಲಿಲ್ಲ, ಅದಕ್ಕೇ ಈ ವಿಚಿತ್ರ ಸಂದೇಶ. ಎಫ್‌ಡಿಸ್ಕ್‌ನ 2ನೆಯ ಆಯ್ಕೆಯಿಂದ ಸರಿಹೋಗುತ್ತದೆ.

"ಇನ್‌ವ್ಯಾಲಿಡ್ ಪಾರ್ಟಿಷನ್ ಟೇಬಲ್" ಅಂದರೆ ಎಂಬಿಆರ್ ಓಡುತ್ತಿದೆ, ಆದರೆ ಆಕ್ಟಿವ್ ಗುರುತು ಒಂದಕ್ಕಿಂತ ಹೆಚ್ಚು ಕಡೆ ಇದೆ ಅಥವಾ ಕೆಟ್ಟಿದೆ.

"ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಂ" ಅಂದರೆ ಎಂಬಿಆರ್ ಪಾರ್ಟಿಷನ್‌ನ ಮೊದಲ ಸೆಕ್ಟರ್ ಓದಿತು, ಆದರೆ ಅಲ್ಲಿ ಬೂಟ್ ಸೆಕ್ಟರ್‌ನ ಗುರುತು ಸಿಗಲಿಲ್ಲ. ಫಾರ್ಮ್ಯಾಟ್ ಆಗಿಲ್ಲದಿದ್ದರೆ ಇದು ಸಹಜ. ಆಗಿದ್ದೂ ಬಂದರೆ ಬಯಾಸ್ ಮೋಡ್ ಬದಲಾಗಿದೆ ಅಂತ ನನ್ನ ಮೊದಲ ಅನುಮಾನ. "ಎರರ್ ಲೋಡಿಂಗ್ ಆಪರೇಟಿಂಗ್ ಸಿಸ್ಟಂ" ಬಂದರೆ ಆ ಸೆಕ್ಟರ್ ಓದುವುದಕ್ಕೇ ಆಗಿಲ್ಲ. ಅಲ್ಲೂ ಮೊದಲು ಬಯಾಸ್ ಅಳತೆ ನೋಡಿ, ಆಮೇಲೆ ಕೇಬಲ್.

"ನಾನ್-ಸಿಸ್ಟಂ ಡಿಸ್ಕ್ ಆರ್ ಡಿಸ್ಕ್ ಎರರ್" ಬಂದರೆ ಸಂತೋಷಪಡಿ, ತುಂಬ ದೂರ ಬಂದಿದ್ದೀರಿ. ಫ್ಲಾಪಿ ಡ್ರೈವ್‌ನಲ್ಲಿ ಯಾವುದೋ ಫ್ಲಾಪಿ ಉಳಿದಿಲ್ಲ ತಾನೇ? ಇಲ್ಲ ಅಂದರೆ ಸಿಸ್ಟಂ ಫೈಲುಗಳಿಲ್ಲ. ಸಿಸ್ ಸಿ: ಸಾಕು.

ಫ್ಲಾಪಿಯಿಂದ ಬೂಟ್ ಮಾಡಿದಾಗ ಬರುವ ಎರಡು ಸಂದೇಶಗಳನ್ನೂ ಬಿಡಿಸಿಕೊಳ್ಳಿ. ಸಿ: ಅಂದಾಗ "ಇನ್‌ವ್ಯಾಲಿಡ್ ಡ್ರೈವ್ ಸ್ಪೆಸಿಫಿಕೇಷನ್" ಬಂದರೆ ಡಾಸ್‌ಗೆ ಪಾರ್ಟಿಷನ್ನೇ ಕಂಡಿಲ್ಲ. "ಇನ್‌ವ್ಯಾಲಿಡ್ ಮೀಡಿಯಾ ಟೈಪ್" ಬಂದರೆ ಪಾರ್ಟಿಷನ್ ಇದೆ, ಫಾರ್ಮ್ಯಾಟ್ ಆಗಿಲ್ಲ ಅಥವಾ ಸರಿಯಾಗಿ ಓದಲಾಗುತ್ತಿಲ್ಲ. ಈಗಷ್ಟೇ ಪಾರ್ಟಿಷನ್ ಮಾಡಿದ್ದರೆ ಎರಡನೆಯದು ಒಳ್ಳೆಯ ಸುದ್ದಿಯೇ.

ಫಾರ್ಮ್ಯಾಟ್ ಮಾಡುವಾಗ "ಟ್ರ್ಯಾಕ್ 0 ಬ್ಯಾಡ್" ಅಂದರೆ ಡಿಸ್ಕ್ ಎಸೆಯುವ ಮುಂಚೆ ಬೇರೆ ಕೇಬಲ್ ಹಾಕಿ, ಬಯಾಸ್ ಅಳತೆ ಸರಿಮಾಡಿ ಮತ್ತೆ ನೋಡಿ. ಎರಡೂ ಸರಿಯಿದ್ದು ಮತ್ತೆ ಬಂದರೆ ಡಿಸ್ಕ್ ನಿಜಕ್ಕೂ ಕೆಟ್ಟಿದೆ.

ಎಫ್‌ಡಿಸ್ಕ್ /ಎಂಬಿಆರ್: ಔಷಧಿಯೂ ಹೌದು, ಅಪಾಯವೂ ಹೌದು

ಯಾವ ಸಂದೇಶವೂ ಇಲ್ಲದೆ ಕರ್ಸರ್ ಮಾತ್ರ ಮಿನುಗುತ್ತಿದ್ದರೆ ಎಂಬಿಆರ್‌ನ ಪ್ರೋಗ್ರಾಂ ಭಾಗ ಖಾಲಿ ಇರಬಹುದು. ಎಫ್‌ಡಿಸ್ಕ್ ಪಾರ್ಟಿಷನ್ ಪಟ್ಟಿಯನ್ನು ಬರೆಯುತ್ತದೆ. ಆದರೆ ಕೊನೆಯ ಎರಡು ಬೈಟ್‌ನ ಗುರುತು ಈಗಾಗಲೇ ಇದ್ದರೆ ಪ್ರೋಗ್ರಾಂ ಭಾಗವನ್ನು ಮುಟ್ಟುವುದಿಲ್ಲ. ಕ್ಯಾಮೆರಾದಲ್ಲಿ ಬಳಸಿದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್‌ಗಳಲ್ಲಿ ಸರಿಯಾಗಿ ಇದೇ ಆಗುವುದು. ಎಫ್‌ಡಿಸ್ಕ್ /ಎಂಬಿಆರ್ ಆ ಪ್ರೋಗ್ರಾಂ ಒಂದನ್ನೇ ಹೊಸದಾಗಿ ಬರೆಯುತ್ತದೆ.

ಆದರೆ ಮೂರು ಸಂದರ್ಭದಲ್ಲಿ ಇದನ್ನು ಕೊಡಲೇಬಾರದು. ಓವರ್‌ಲೇ ಇದ್ದರೆ ಅದು ಅಳಿಸಿಹೋಗಿ ಡಿಸ್ಕ್ ಪೂರ್ತಿ ಕೈತಪ್ಪುತ್ತದೆ. ಮಂಕಿ ಥರದ ವೈರಸ್ ಇದ್ದರೆ, ಅದು ನಿಜವಾದ ಪಾರ್ಟಿಷನ್ ಪಟ್ಟಿಯನ್ನು ಬೇರೆ ಕಡೆ ಬಚ್ಚಿಟ್ಟಿರುತ್ತದೆ. ಪಟ್ಟಿಯನ್ನು ತೋರಿಸುತ್ತಿದ್ದದ್ದು ವೈರಸ್ಸೇ, ಅದನ್ನು ಅಳಿಸಿದರೆ ದಾರಿಯೂ ಹೋಗುತ್ತದೆ. ಇನ್ನು ಗುರುತಿನ ಆ ಎರಡು ಬೈಟ್ ಕೆಟ್ಟಿದ್ದರೆ ಪಾರ್ಟಿಷನ್ ಪಟ್ಟಿಯೂ ಸೊನ್ನೆಯಾಗಿಬಿಡುತ್ತದೆ.

ಪರೀಕ್ಷೆ ಸರಳ. ಶುದ್ಧವಾದ ಫ್ಲಾಪಿಯಿಂದ ಬೂಟ್ ಮಾಡಿ ಡೈರ್ ಸಿ: ಕೊಡಿ. ಫೈಲುಗಳು ಸರಿಯಾಗಿ ಕಂಡರೆ, ಓವರ್‌ಲೇ ಇಲ್ಲ ಅಂತ ಖಚಿತವಿದ್ದರೆ, ಧೈರ್ಯವಾಗಿ ಕೊಡಬಹುದು. ಕಾಣದಿದ್ದರೆ ನಿಲ್ಲಿಸಿ. ಪಟ್ಟಿ ಕಳೆದುಹೋಗಿದ್ದರೆ ಟೆಸ್ಟ್‌ಡಿಸ್ಕ್ ಅನ್ನುವ ಉಚಿತ ಪ್ರೋಗ್ರಾಂ ಡಿಸ್ಕ್ ಪೂರ್ತಿ ಹುಡುಕಿ ಹಳೆಯ ಪಾರ್ಟಿಷನ್‌ಗಳ ಗಡಿಗಳನ್ನು ಪತ್ತೆ ಮಾಡಬಲ್ಲದು.

ಡ್ರೈವ್ ಅಕ್ಷರ ಬದಲಾದರೆ

ಎರಡನೆಯ ಡಿಸ್ಕ್ ಹಾಕಿದ ಮೇಲೆ ಡಿ:ಯಲ್ಲಿದ್ದ ಫೈಲುಗಳೆಲ್ಲ ಇ:ಗೆ ಹೋಗಿವೆಯಾ? ಏನೂ ಕೆಟ್ಟಿಲ್ಲ. ಡಾಸ್ ಮೊದಲು ಎಲ್ಲ ಡಿಸ್ಕ್‌ಗಳ ಪ್ರೈಮರಿಗಳಿಗೆ ಅಕ್ಷರ ಕೊಡುತ್ತದೆ, ಆಮೇಲೆ ಲಾಜಿಕಲ್ ಡ್ರೈವ್‌ಗಳಿಗೆ. ಎರಡನೆಯ ಡಿಸ್ಕ್‌ನಲ್ಲಿ ಪ್ರೈಮರಿ ಮಾಡದೆ ಬರೀ ಎಕ್ಸ್‌ಟೆಂಡೆಡ್ ಮಾಡಿದರೆ ಹಳೆಯ ಅಕ್ಷರಗಳು ಅಲುಗುವುದಿಲ್ಲ.

ಹೊಸ ಮೆಷಿನ್‌ನಲ್ಲಿ ಪಾರ್ಟಿಷನ್ ಮಾಡಿ ತರಬಹುದಾ?

ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಸರಳ ಅಡಾಪ್ಟರ್ ಮೂಲಕ ಐಡಿಇ ಡಿಸ್ಕ್ ಥರ ಬಳಸಬಹುದು. ಸದ್ದಿಲ್ಲ, ಬಿಸಿಯಿಲ್ಲ, ನನಗಂತೂ ತುಂಬ ಇಷ್ಟ. ಆದರೆ ಅದನ್ನು ಹೊಸ ಕಂಪ್ಯೂಟರ್‌ನಲ್ಲಿ ಪಾರ್ಟಿಷನ್ ಮಾಡಿ ತಂದು ಹಾಕಬೇಡಿ. ಇಂದಿನ ಪ್ರೋಗ್ರಾಂಗಳು ಪಾರ್ಟಿಷನ್ನನ್ನು 2048ನೆಯ ಸೆಕ್ಟರ್‌ನಿಂದ ಶುರು ಮಾಡುತ್ತವೆ. ಡಾಸ್‌ನ ರೂಢಿಯಲ್ಲಿ ಮೊದಲ ಟ್ರ್ಯಾಕ್ ಮುಗಿದ ಕೂಡಲೇ, 63 ಸೆಕ್ಟರ್ ಇರುವ ಡಿಸ್ಕ್ ಆದರೆ 63ನೆಯ ಸೆಕ್ಟರ್‌ನಿಂದ, ಶುರುವಾಗಬೇಕು. ಹೆಡ್ ಲೆಕ್ಕವೂ ನಿಮ್ಮ ಹಳೆಯ ಬಯಾಸ್ ಹಾಕುವಂಥದ್ದೇ ಆಗಿರುವುದಿಲ್ಲ. ಯಾವ ಮೆಷಿನ್‌ನಲ್ಲಿ ಓಡಬೇಕೋ ಅಲ್ಲೇ ಪಾರ್ಟಿಷನ್ ಮಾಡಿ. ಫೈಲುಗಳನ್ನು ಬೇಕಾದರೆ ಆಮೇಲೆ ಹೊಸ ಮೆಷಿನ್‌ನಿಂದ ತುಂಬಿಸಿ.

ಎಕ್ಸ್‌ಟಿ (486ಕ್ಕೂ ಬಹಳ ಹಿಂದಿನ ಪಿಸಿ) ಕಾಲದ ಎಂಎಫ್‌ಎಂ, ಆರ್‌ಎಲ್‌ಎಲ್ ಅನ್ನುವ, ಐಡಿಇಗೂ ಹಿಂದಿನ ಡಿಸ್ಕ್‌ಗಳ ದಾರಿ ಬೇರೆ. ಅಲ್ಲಿ ಎಫ್‌ಡಿಸ್ಕ್‌ಗೆ ಮುಂಚೆ ಲೋ ಲೆವೆಲ್ ಫಾರ್ಮ್ಯಾಟ್ (ಟ್ರ್ಯಾಕ್‌ಗಳನ್ನೇ ಹೊಸದಾಗಿ ಬರೆಯುವುದು) ಬೇಕಾಗುತ್ತದೆ. ಎಷ್ಟೋ ಕಂಟ್ರೋಲರ್‌ಗಳಲ್ಲಿ ಡಾಸ್‌ನ ಡಿಬಗ್ ಪ್ರೋಗ್ರಾಂ ತೆರೆದು ಜಿ=ಸಿ800:5 ಕೊಟ್ಟರೆ ಅದು ಶುರುವಾಗುತ್ತದೆ. ಡಿಸ್ಕನ್ನು ಬೇರೆ ಮಾದರಿಯ ಕಂಟ್ರೋಲರ್‌ಗೆ ಹಾಕಿದರೆ ಮತ್ತೆ ಮಾಡಬೇಕು. ಐಡಿಇ ಡಿಸ್ಕ್‌ಗೆ ಇದನ್ನು ಮಾಡಬೇಡಿ, ಅದರ ಟ್ರ್ಯಾಕ್‌ಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ.

ಎಲ್ಲ ಸರಿಯಾಗಿ ಸಿ: ಪ್ರಾಂಪ್ಟ್ ಬಂದ ಮೇಲೆ ಎರಡು ಕೆಲಸ ಉಳಿದಿರುತ್ತದೆ. ಡಾಸ್ 5 ಇದ್ದರೆ ಮಿರರ್ /ಪಾರ್ಟ್‌ಎನ್ ಕೊಟ್ಟು ಪಾರ್ಟಿಷನ್ ಪಟ್ಟಿಯನ್ನು ಫ್ಲಾಪಿಗೆ ಉಳಿಸಿಕೊಳ್ಳಿ. ಮುಂದೆ ಪಟ್ಟಿ ಕೆಟ್ಟರೆ ಅನ್‌ಫಾರ್ಮ್ಯಾಟ್ /ಪಾರ್ಟ್‌ಎನ್ ಅದನ್ನು ವಾಪಸ್ ಹಾಕುತ್ತದೆ. ಆಮೇಲೆ ಒಂದು ಚೀಟಿಯ ಮೇಲೆ ಸಿಲಿಂಡರ್, ಹೆಡ್, ಸೆಕ್ಟರ್, ಬಯಾಸ್ ಮೋಡ್, ಪಾರ್ಟಿಷನ್‌ಗಳ ಅಳತೆ, ಓವರ್‌ಲೇ ಇದ್ದರೆ ಅದರ ಹೆಸರು ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿ. ಅಪ್ಪನ ಮೆಷಿನ್ ಒಳಗೆ ಅಂಥ ಒಂದು ಚೀಟಿ ಇರಲಿಲ್ಲ. ಈಗ ನನ್ನ ಕೈಗೆ ಬಂದ ಪ್ರತಿ ಮೆಷಿನ್ ಒಳಗೂ ಇದೆ.